ಹೊಗೆಯ ಜಾಡು ಹಿಡಿದ ಕೌಂಟ್ ರಮ್‌ಫರ್ಡ್

ಮಕ್ಕಳೇ, ಸೌದೆ ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಊದಿ ಗೊತ್ತೇ? ಈಗ ಬಹಳಷ್ಟು ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಬಚ್ಚಲುಮನೆಯ ಹಂಡೆಗೆ ಉರಿ ಹಾಕುವುದು, ಜಾತ್ರೆ ಮದುವೆಗಳಲ್ಲಿ ದೊಡ್ಡ ಒಲೆ ಹೂಡುವುದು ನಿಂತಿಲ್ಲ. ಮಳೆಗಾಲದಲ್ಲಿ ಹಸಿ ಸೌದೆ ಸಿಕ್ಕಿತೋ, ಮುಗಿಯಿತು. ಮನೆ ತುಂಬ ಹೊಗೆ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ, ಅಜ್ಜ ಕೆಮ್ಮುತ್ತಾ ಎದ್ದು ಜಗಲಿಗೆ ಬರುತ್ತಾರೆ.

ಈ ಹೊಗೆಯ ಸ್ವಭಾವವೇ ವಿಚಿತ್ರ. ಒಂದು ದಿನ ಸರಸರನೆ ಮೇಲೇರಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಇನ್ನೊಂದು ದಿನ ಅದೇ ಒಲೆ, ಅದೇ ಸೌದೆ. ಹೊಗೆ ಮಾತ್ರ ಕೋಣೆಯೊಳಗೇ ಸುತ್ತುತ್ತದೆ. ಏಕೆ ಹೀಗೆ? ಸುಮಾರು 230 ವರ್ಷಗಳ ಹಿಂದೆ ಲಂಡನ್ ನಗರದಲ್ಲಿ ಒಬ್ಬಾತ ಈ ಪ್ರಶ್ನೆಯ ಹಿಂದೆ ಬಿದ್ದ. ಆತ ಅಡುಗೆಯವನಲ್ಲ, ಗಾರೆ ಕೆಲಸದವನೂ ಅಲ್ಲ. ಆತ ಸೈನ್ಯಾಧಿಕಾರಿ, ಮಂತ್ರಿ, ಒಂದು ಕಾಲದಲ್ಲಿ ಗೂಢಚಾರ! ವಿಜ್ಞಾನದ ಪುಸ್ತಕಗಳಲ್ಲಿ ಆತನ ಹೆಸರು ಕೌಂಟ್ ರಮ್‌ಫರ್ಡ್. ಹುಟ್ಟಿದಾಗ ಇಟ್ಟ ಹೆಸರು ಬೆಂಜಮಿನ್ ಥಾಂಪ್ಸನ್.

ಅಂಗಡಿ ಹುಡುಗ ಮೇಷ್ಟ್ರಾದ

ಥಾಂಪ್ಸನ್ ಹುಟ್ಟಿದ್ದು 1753ರ ಮಾರ್ಚ್ 26ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೋಬರ್ನ್ ಎಂಬ ಊರಿನಲ್ಲಿ. ಆಗ ಅಮೆರಿಕ ಸ್ವತಂತ್ರ ದೇಶವಾಗಿರಲಿಲ್ಲ. ಈ ಪ್ರಾಂತ ಇಂಗ್ಲೆಂಡಿನ ರಾಜನ ಆಳ್ವಿಕೆಯಲ್ಲಿತ್ತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಹದಿಮೂರನೆಯ ವಯಸ್ಸಿಗೆ, ಅಂದರೆ ನಿಮ್ಮಲ್ಲಿ ಕೆಲವರ ವಯಸ್ಸಿಗೆ, ಹುಡುಗನನ್ನು ಸೇಲಂ ಊರಿನ ಒಬ್ಬ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಬಿಟ್ಟರು.

ಅಂಗಡಿಯಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಯಂತ್ರದ ಚಿತ್ರ ಬರೆಯುವುದು, ಏನನ್ನಾದರೂ ಬಿಚ್ಚಿ ಜೋಡಿಸುವುದು, ಇದೇ ಅವನಿಗೆ ಇಷ್ಟ. ಒಮ್ಮೆ ಸಂಭ್ರಮಾಚರಣೆಗೆಂದು ತಾನೇ ಬಾಣಬಿರುಸು ತಯಾರಿಸಲು ಹೋದ. ಮದ್ದು ಸಿಡಿದು ಮೈ ಸುಟ್ಟುಕೊಂಡ. (ಇದನ್ನು ನೀವು ಅನುಕರಿಸಬೇಡಿ!) ಮುಂದೆ ಲೊಆಮಿ ಬಾಲ್ಡ್‌ವಿನ್ ಎಂಬ ಗೆಳೆಯನ ಜೊತೆ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದುಕೊಂಡು ಹೋಗಿ ಹಾರ್ವರ್ಡ್ ಕಾಲೇಜಿನಲ್ಲಿ ಭೌತವಿಜ್ಞಾನದ ಉಪನ್ಯಾಸಗಳನ್ನು ಕೇಳಿ ಬರುತ್ತಿದ್ದ. ಇಬ್ಬರೂ ಮನೆಗೆ ಬಂದು ಅಲ್ಲಿ ಕಂಡ ಪ್ರಯೋಗಗಳನ್ನು ತಾವೇ ಮಾಡಿದ ಉಪಕರಣಗಳಲ್ಲಿ ಮತ್ತೆ ಮಾಡಿ ನೋಡುತ್ತಿದ್ದರು. ಬೀಕರ್ ಇಲ್ಲ, ಸ್ಪಿರಿಟ್ ದೀಪ ಇಲ್ಲ ಎಂದು ಪ್ರಯೋಗ ಬಿಡುವ ನಮ್ಮಂಥ ಮೇಷ್ಟ್ರುಗಳು ಇದನ್ನು ನೆನಪಿಡಬೇಕು.

1772ರಲ್ಲಿ ಥಾಂಪ್ಸನ್ ಶಾಲಾ ಮೇಷ್ಟ್ರಾದ. ಆ ಊರಿನ ಹೆಸರು ಕಾಂಕರ್ಡ್. ಅದಕ್ಕೆ ಮೊದಲಿದ್ದ ಹೆಸರು ರಮ್‌ಫರ್ಡ್. ಅದೇ ವರ್ಷ ಅಲ್ಲಿನ ಸಾರಾ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದ. ಆತನಿಗೆ ಆಗ 19 ವರ್ಷ. 1774ರಲ್ಲಿ ಮಗಳು ಹುಟ್ಟಿದಳು. ಅವಳಿಗೂ ತಾಯಿಯ ಹೆಸರೇ, ಸಾರಾ.

ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಬಿಸಿ ಏರಿತ್ತು. ಥಾಂಪ್ಸನ್ ರಾಜನ ಪಕ್ಷದವನು. ಊರಿನ ಜನ ಸಿಟ್ಟಿಗೆದ್ದು ಮನೆಗೆ ನುಗ್ಗುವ ಹೊತ್ತಿಗೆ ಆತ ಹೆಂಡತಿಯನ್ನೂ ಕೈಗೂಸನ್ನೂ ಬಿಟ್ಟು ಪರಾರಿಯಾದ. 1775ರಲ್ಲಿ ಬ್ರಿಟಿಷ್ ಸೇನೆಗೆ ಗುಟ್ಟಿನ ಸುದ್ದಿ ಕಳಿಸಿದ. ಪತ್ರ ನೋಡಿದರೆ ಸಾಧಾರಣ ಪತ್ರ; ನಡುನಡುವೆ ಕಣ್ಣಿಗೆ ಕಾಣದ ಶಾಯಿಯಲ್ಲಿ ಬರೆದ ಸಾಲುಗಳು. 1776ರಲ್ಲಿ ಹಡಗು ಹತ್ತಿ ಲಂಡನ್ ಸೇರಿದ. ಹೆಂಡತಿಯನ್ನು ಆತ ಮತ್ತೆಂದೂ ನೋಡಲಿಲ್ಲ. ಆಕೆ 1792ರಲ್ಲಿ ತೀರಿಕೊಂಡಳು. ವಿಜ್ಞಾನಿಗಳ ಜೀವನವೆಲ್ಲ ಆದರ್ಶವಾಗಿಯೇ ಇರುತ್ತದೆ ಎಂದು ನಿಮಗೆ ಹೇಳಿದರೆ ಅದು ಸುಳ್ಳು. ಈತನ ನಡತೆಯನ್ನು ಮೆಚ್ಚುವುದು ಕಷ್ಟ. ಆದರೆ ಬಿಸಿ ಎಂದರೇನು ಎಂಬುದನ್ನು ಈತ ನೋಡಿದಷ್ಟು ಸೂಕ್ಷ್ಮವಾಗಿ ಆ ಕಾಲದಲ್ಲಿ ನೋಡಿದವರು ಬಹಳ ಕಡಿಮೆ.

ಕಂಬಳಿಯ ಗುಟ್ಟು

ಲಂಡನ್ನಿನಲ್ಲಿ ಥಾಂಪ್ಸನ್ ಬೇಗನೆ ಮೇಲೇರಿದ. ಬಂದೂಕಿನ ಮದ್ದಿನ ಬಗ್ಗೆ ಪ್ರಯೋಗ ಮಾಡಿ 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. 1784ರಲ್ಲಿ ಇಂಗ್ಲೆಂಡಿನ ದೊರೆ ಆತನಿಗೆ ಸರ್ ಪದವಿ ಕೊಟ್ಟ. ಅನಂತರ ಆತ ಬವೇರಿಯಕ್ಕೆ ಹೋದ. ಬವೇರಿಯ ಈಗ ಜರ್ಮನಿಯ ಒಂದು ರಾಜ್ಯ. ಆಗ ಅದು ಕಾರ್ಲ್ ಥಿಯೋಡರ್ ಎಂಬ ದೊರೆಯ ಆಳ್ವಿಕೆಯಲ್ಲಿತ್ತು. ಅದರ ರಾಜಧಾನಿ ಮ್ಯೂನಿಕ್. ಸೈನ್ಯವನ್ನು ಸುಧಾರಿಸುವ ಕೆಲಸ ಥಾಂಪ್ಸನ್‌ನ ಪಾಲಿಗೆ ಬಂತು.

ಸೈನಿಕರಿಗೆ ಚಳಿಗಾಲದಲ್ಲಿ ಯಾವ ಬಟ್ಟೆ ಒಳ್ಳೆಯದು? ಇನ್ನೊಬ್ಬನಾಗಿದ್ದರೆ ದರ್ಜಿಯನ್ನು ಕೇಳುತ್ತಿದ್ದ. ಈತ ಉಷ್ಣತಾಮಾಪಕವನ್ನು ಕೇಳಿದ! ಒಂದು ಉಷ್ಣತಾಮಾಪಕವನ್ನು ಗಾಜಿನ ಕೊಳವೆಯೊಳಗೆ ಇಟ್ಟು, ಸುತ್ತಲೂ ಉಣ್ಣೆ ತುಂಬಿದ. ಅದನ್ನು ಕುದಿಯುವ ನೀರಿನಲ್ಲಿಟ್ಟು ಕಾಯಿಸಿ, ತಕ್ಷಣ ಮಂಜುಗಡ್ಡೆಯ ನಡುವೆ ಇಟ್ಟು, ತಣ್ಣಗಾಗಲು ಎಷ್ಟು ಹೊತ್ತು ಬೇಕೆಂದು ಎಣಿಸಿದ. ಆಮೇಲೆ ಉಣ್ಣೆ ತೆಗೆದು ಹತ್ತಿ, ರೇಷ್ಮೆ, ಪ್ರಾಣಿಗಳ ತುಪ್ಪಳ, ಹಕ್ಕಿಯ ಮೃದುವಾದ ಗರಿ, ಹೀಗೆ ಒಂದೊಂದನ್ನೇ ತುಂಬಿ ಅದೇ ಪ್ರಯೋಗ ಮಾಡಿದ. ಎಳೆಗಳ ನಡುವೆ ಗಾಳಿಯನ್ನು ಸಣ್ಣ ಸಣ್ಣದಾಗಿ ಹಿಡಿದಿಡುವ ವಸ್ತು ಬಿಸಿಯನ್ನು ಹೆಚ್ಚು ಹೊತ್ತು ಕಾಯುತ್ತದೆ ಎಂದು ತಿಳಿಯಿತು. ಬೆಚ್ಚಗಿಡುವುದು ಉಣ್ಣೆಯೊಂದೇ ಅಲ್ಲ, ಉಣ್ಣೆಯೊಳಗೆ ಸಿಕ್ಕಿಕೊಂಡು ಅಲ್ಲಾಡದೆ ನಿಂತ ಗಾಳಿ. ಈ ಕೆಲಸಕ್ಕೆ 1792ರಲ್ಲಿ ರಾಯಲ್ ಸೊಸೈಟಿಯ ಕೋಪ್ಲೆ ಪದಕ ಬಂತು.

ನಮ್ಮ ಕುರುಬರು ನೇಯುವ ಕರಿ ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಎಷ್ಟೊಂದು ಪುಟ್ಟ ಪುಟ್ಟ ಜಾಗ! ಫ್ರಿಜ್ಜಿನ ಗೋಡೆಯೊಳಗೆ ಇರುವ ನೊರೆಯಂಥ ಹಗುರ ವಸ್ತುವೂ ಇದೇ ಕೆಲಸ ಮಾಡುತ್ತದೆ. ಕಂಬಳಿ ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆದರೆ, ಫ್ರಿಜ್ಜಿನ ಗೋಡೆ ಹೊರಗಿನ ಬಿಸಿ ಒಳಗೆ ಬಾರದಂತೆ ತಡೆಯುತ್ತದೆ. ಹಾಗಾದರೆ ಮಂಜುಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಬೇಗ ಕರಗುತ್ತದೆಯೋ ನಿಧಾನವಾಗಿ ಕರಗುತ್ತದೆಯೋ? ಉತ್ತರ ನಾನು ಹೇಳುವುದಿಲ್ಲ. ಮಾಡಿ ನೋಡಿ.

ಸಾವಿರ ಜನರ ಅಡುಗೆಮನೆ

ಆಗ ಮ್ಯೂನಿಕ್ ನಗರದಲ್ಲಿ ಭಿಕ್ಷುಕರು ಬಹಳ. 1790ರ ಹೊಸ ವರ್ಷದ ದಿನ ಥಾಂಪ್ಸನ್ ಸೈನ್ಯಾಧಿಕಾರಿಗಳನ್ನು ಬೀದಿಗೆ ಕಳಿಸಿ ಭಿಕ್ಷುಕರನ್ನೆಲ್ಲ ಹಿಡಿಸಿದ. ಜೈಲಿಗೆ ಹಾಕಲಿಲ್ಲ. ಅವರಿಗಾಗಿ ಒಂದು ದುಡಿಮೆಯ ಮನೆ ಸಿದ್ಧವಾಗಿತ್ತು. ಅಲ್ಲಿ ಅವರು ನೂಲು ತೆಗೆದು ಸೈನಿಕರ ಬಟ್ಟೆ ತಯಾರಿಸಬೇಕು. ಬದಲಿಗೆ ಬಿಸಿಯೂಟ, ಬೆಚ್ಚನೆಯ ಕೋಣೆ, ಸ್ವಲ್ಪ ಕೂಲಿ. ಚಿಕ್ಕ ಮಕ್ಕಳೂ ಅಲ್ಲಿ ದುಡಿಯುತ್ತಿದ್ದರು. ಅವರಿಗೆ ಪಾಠವೂ ಇತ್ತು ನಿಜ. ಆದರೆ ಮಕ್ಕಳನ್ನು ದುಡಿಸುವುದನ್ನು ನಾವು ಇಂದು ಒಪ್ಪುವುದಿಲ್ಲ.

ದಿನವೂ ಸಾವಿರ ಜನಕ್ಕೆ ಅಡುಗೆ ಆಗಬೇಕು. ಬಾರ್ಲಿ, ಬಟಾಣಿ, ಆಲೂಗಡ್ಡೆ ಹಾಕಿ ಹೊತ್ತುಗಟ್ಟಲೆ ಕುದಿಸಿದ ಗಟ್ಟಿ ಸಾರು ಅವರ ಊಟ. ಖರ್ಚಿನ ಲೆಕ್ಕ ನೋಡಿದಾಗ ಥಾಂಪ್ಸನ್‌ಗೆ ಸೌದೆಯದೇ ಚಿಂತೆ. ಆ ಕಾಲದ ಅಡುಗೆಮನೆಗಳಲ್ಲಿ ಬಯಲಿನಂತೆ ತೆರೆದ ದೊಡ್ಡ ಬೆಂಕಿಯ ಮೇಲೆ ಪಾತ್ರೆ ತೂಗುಹಾಕುತ್ತಿದ್ದರು. ಬಿಸಿಯಲ್ಲಿ ಬಹುಪಾಲು ಸುತ್ತಲಿನ ಗಾಳಿಗೆ, ಅಡುಗೆಯವರ ಮುಖಕ್ಕೆ, ಮತ್ತೆ ಆಕಾಶಕ್ಕೆ. ಪಾತ್ರೆಗೆ ಸಿಗುವುದು ಒಂದಿಷ್ಟು.

ಆತ ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಒಂದೊಂದು ಪಾತ್ರೆಯನ್ನೂ ಕಟ್ಟೆಯೊಳಗೆ ಕುತ್ತಿಗೆವರೆಗೆ ಹೂತ. ಒಂದೊಂದರ ಕೆಳಗೂ ಒಂದು ಪುಟ್ಟ ಬೆಂಕಿ. ಬೆಂಕಿಯ ಕೆಳಗೆ ಕಬ್ಬಿಣದ ಜಾಲರಿ. ಬೂದಿ ಕೆಳಗೆ ಬೀಳುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಗಾಳಿ ಎಷ್ಟು ಬೇಕೋ ಅಷ್ಟೇ ಬಿಡಲು ಮುಚ್ಚುವ ತೆರೆಯುವ ಬಾಗಿಲು. ಜ್ವಾಲೆ ಪಾತ್ರೆಯ ಸುತ್ತ ಸುಳಿದು, ಬಿಸಿಯನ್ನೆಲ್ಲ ಕೊಟ್ಟು, ಕೊನೆಗೆ ಹೊಗೆಕೊಳವೆ ಸೇರಬೇಕು.

ಇದನ್ನು ಓದುವಾಗ ನನಗೆ ನಮ್ಮ ಬಚ್ಚಲುಮನೆಯ ಹಂಡೆ ನೆನಪಾಗುತ್ತದೆ. ತಾಮ್ರದ ಹಂಡೆಯನ್ನು ಮಣ್ಣಿನ ಕಟ್ಟೆಯೊಳಗೆ ಹೂತು, ಬಾಯಿ ಮಾತ್ರ ಮೇಲೆ ಕಾಣುವಂತೆ ಮಾಡಿರುತ್ತಾರಲ್ಲ, ಅದೇ. ನಮ್ಮ ಹಿರಿಯರು ರಮ್‌ಫರ್ಡ್‌ನನ್ನು ಓದಿ ಅದನ್ನು ಕಟ್ಟಲಿಲ್ಲ. ಸೌದೆ ಹೊತ್ತು ತಂದವರಿಗೆ ಸೌದೆಯ ಬೆಲೆ ಗೊತ್ತಿರುತ್ತದೆ.

ಈ ಸೇವೆಗಳನ್ನು ಮೆಚ್ಚಿ ಬವೇರಿಯದ ದೊರೆ ಆತನಿಗೆ ಕೌಂಟ್ ಎಂಬ ಬಿರುದು ಕೊಡಿಸಿದ. ಬಿರುದಿನ ಜೊತೆ ಒಂದು ಊರಿನ ಹೆಸರು ಇರಬೇಕು. ಥಾಂಪ್ಸನ್ ಆರಿಸಿಕೊಂಡದ್ದು ತಾನು ಮೇಷ್ಟ್ರಾಗಿದ್ದ, ತಾನೇ ಬಿಟ್ಟು ಓಡಿಬಂದ ಊರಿನ ಹಳೆಯ ಹೆಸರನ್ನು. ಅಂದಿನಿಂದ ಆತ ಕೌಂಟ್ ರಮ್‌ಫರ್ಡ್.

ಹೊಗೆ ಏಕೆ ತಿರುಗಿ ಬರುತ್ತದೆ?

1795ರಲ್ಲಿ ರಮ್‌ಫರ್ಡ್ ಲಂಡನ್ನಿಗೆ ಮರಳಿದ. ಬಂದ ಹೊತ್ತಿಗೇ ಬರವಣಿಗೆಗಳಿದ್ದ ಆತನ ಪೆಟ್ಟಿಗೆ ಕಳುವಾಯಿತು. ವರ್ಷಗಟ್ಟಲೆಯ ಟಿಪ್ಪಣಿಗಳು ಹೋದವು. ಸಿಟ್ಟು, ಬೇಸರ ಎಲ್ಲ ಆಗಿರಬೇಕು. ಆದರೂ ಕೆಲಸ ನಿಲ್ಲಿಸಲಿಲ್ಲ. ಆ ಊರಿನ ಹೊಗೆ ಆತನ ಕಣ್ಣಿಗೆ ಬಿದ್ದಿತ್ತು.

ಚಳಿ ದೇಶದ ಮನೆಗಳಲ್ಲಿ ಆಗ ಪ್ರತಿ ಮುಖ್ಯ ಕೋಣೆಯ ಗೋಡೆಯಲ್ಲೂ ಒಂದು ಅಗ್ಗಿಷ್ಟಿಕೆ ಇರುತ್ತಿತ್ತು. ಎಂದರೆ ಗೋಡೆಯೊಳಗೆ ಗೂಡಿನಂತೆ ಮಾಡಿದ ಬೆಂಕಿಯ ಜಾಗ. ಅಡುಗೆಗಲ್ಲ, ಮೈ ಕಾಯಿಸಲು. ಅದರ ಮೇಲೆ ಗೋಡೆಯೊಳಗಿನಿಂದಲೇ ಛಾವಣಿಯವರೆಗೆ ಹೊಗೆಗೂಡು. ಲಂಡನ್ನಿನಲ್ಲಿ ಇವು ದೊಡ್ಡ ತಲೆನೋವಾಗಿದ್ದವು. ಹೊಗೆ ಕೋಣೆಗೆ ನುಗ್ಗಿ ಗೋಡೆ, ಪರದೆ, ಬಟ್ಟೆ ಎಲ್ಲ ಕಪ್ಪು. ಬೆಂಕಿಯ ಎದುರು ಕೂತವರಿಗೆ ಮುಖ ಸುಡುತ್ತದೆ, ಬೆನ್ನಿಗೆ ಚಳಿ ಕೊರೆಯುತ್ತದೆ.

ಮೊದಲು ಹೊಗೆ ಏಕೆ ಮೇಲೇರುತ್ತದೆ ಎಂಬುದನ್ನು ನೋಡೋಣ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದ ಒಂದು ಬಿಂದಿಗೆ ಗಾಳಿಯ ತೂಕ ತಣ್ಣನೆಯ ಒಂದು ಬಿಂದಿಗೆ ಗಾಳಿಗಿಂತ ಕಡಿಮೆ. ಸುತ್ತಲಿನ ಭಾರದ ತಣ್ಣನೆಯ ಗಾಳಿ ಕೆಳಗೆ ನುಗ್ಗಿ ಹಗುರಾದದ್ದನ್ನು ಮೇಲಕ್ಕೆ ತಳ್ಳುತ್ತದೆ. ಹೊಗೆಯ ಕಣಗಳು ಈ ಗಾಳಿಯ ಸವಾರಿ ಮಾಡುತ್ತವೆ, ಅಷ್ಟೇ. ಹೊಗೆಗೂಡಿನ ತುಂಬ ಬಿಸಿ ಗಾಳಿ ಇದ್ದಷ್ಟೂ ಈ ಓಟ ಜೋರು. ಗಾಳಿ ತಣ್ಣಗಾದರೆ ಓಟ ನಿಲ್ಲುತ್ತದೆ, ಹೊಗೆ ಹಿಂದಿರುಗುತ್ತದೆ.

ಅಂದಿನ ಹೊಗೆಗೂಡುಗಳ ತಪ್ಪು ಅವುಗಳ ಗಂಟಲಿನಲ್ಲಿತ್ತು. ಗಂಟಲು ಎಂದರೆ ಬೆಂಕಿಯ ಮೇಲೆ ಹೊಗೆಗೂಡು ಶುರುವಾಗುವ ಜಾಗ. ಅದನ್ನು ಬಹಳ ಅಗಲವಾಗಿ ಕಟ್ಟುತ್ತಿದ್ದರು. ಹೊಗೆ ಹೆಚ್ಚಿದ್ದರೆ ದಾರಿಯೂ ಅಗಲವಾಗಿರಲಿ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆಗುತ್ತಿದ್ದುದೇ ಬೇರೆ. ಅಗಲ ಬಾಯಿಯಿಂದ ಹೊಗೆಯ ಜೊತೆ ಕೋಣೆಯ ಗಾಳಿಯೂ ರಾಶಿ ರಾಶಿಯಾಗಿ ಒಳನುಗ್ಗುತ್ತಿತ್ತು. ಅದು ಬೆರೆತು ಹೊಗೆ ತಣ್ಣಗಾಗಿ ಸೋಮಾರಿಯಾಗುತ್ತಿತ್ತು. ಮೇಲಿನಿಂದ ಒಂದು ಗಾಳಿ ಬೀಸಿದರೂ ಸಾಕು, ಕೋಣೆಗೆ ವಾಪಸ್. ಇನ್ನೊಂದು ನಷ್ಟವನ್ನೂ ಗಮನಿಸಿ. ಬೆಚ್ಚಗಾದ ಕೋಣೆಯ ಗಾಳಿ ಆಕಾಶ ಸೇರಿದರೆ ಅದರ ಜಾಗಕ್ಕೆ ಬಾಗಿಲ ಸಂದಿಯಿಂದ ಹೊರಗಿನ ಕೊರೆಯುವ ಗಾಳಿ ಬರಲೇಬೇಕಲ್ಲ! ಬೆನ್ನಿಗೆ ಚಳಿಯಾಗುತ್ತಿದ್ದುದು ಇದರಿಂದ. ಬೆಂಕಿ ಹಾಕಿದಷ್ಟೂ ಚಳಿಯನ್ನು ಮನೆಗೆ ಕರೆದಂತೆ.

ರಮ್‌ಫರ್ಡ್ ಗಂಟಲನ್ನು ಕಿರಿದಾಗಿಸಿದ. ಎಷ್ಟು? ಮುಂದಿನಿಂದ ಹಿಂದಕ್ಕೆ ಸುಮಾರು 4 ಅಂಗುಲ, ಎಂದರೆ 10 ಸೆಂಟಿಮೀಟರ್. ನಿಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಹಿಂದಿನ ಗೋಡೆಯನ್ನು ಇಟ್ಟಿಗೆ ಕಟ್ಟಿ ಮುಂದಕ್ಕೆ ತಂದ. ಆಗ ಬೆಂಕಿಯೂ ಕೋಣೆಯ ಹತ್ತಿರಕ್ಕೆ ಬಂತು. ಎರಡು ಪಕ್ಕದ ಗೋಡೆಗಳನ್ನು ನೇರವಾಗಿ ಬಿಡದೆ, ತೆರೆದ ಬಾಗಿಲಿನ ಎರಡು ರೆಕ್ಕೆಗಳಂತೆ ಓರೆಯಾಗಿಸಿದ. ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ನಡುವಿನ ಕೋನ 135 ಡಿಗ್ರಿ. (ಕೋನಮಾಪಕ ಇಟ್ಟು ಒಂದು ಚಿತ್ರ ಬರೆದುಕೊಳ್ಳಿ.) ಬೆಂಕಿಯಿಂದ ನೇರವಾಗಿ ಹೊಮ್ಮುವ ಶಾಖಕ್ಕೆ ವಿಕಿರಣ ಎನ್ನುತ್ತೇವೆ. ಓರೆ ಗೋಡೆಗಳು ಆ ಶಾಖವನ್ನು ಕೋಣೆಯ ಕಡೆಗೆ ಕಳಿಸುತ್ತವೆ. ಅವುಗಳಿಗೆ ಕಬ್ಬಿಣ ಬೇಡ, ಇಟ್ಟಿಗೆ ಅಥವಾ ಕಲ್ಲು ಇರಲಿ, ಸುಣ್ಣ ಬಳಿದು ಬಿಳಿಯಾಗಿಡಿ ಎಂದು ಆತ ಸಲಹೆ ಕೊಟ್ಟ.

ಇಷ್ಟಕ್ಕೆ ಬೇಕಾದದ್ದು ಒಂದಿಷ್ಟು ಇಟ್ಟಿಗೆ, ಗಾರೆ, ಒಬ್ಬ ಕೆಲಸಗಾರ. ಹೊಗೆ ನಿಂತಿತು. ಉರುವಲು ಉಳಿಯಿತು. ಕೋಣೆ ಬೆಚ್ಚಗಾಯಿತು. ಐನೂರಕ್ಕೆ ಕಡಿಮೆಯಿಲ್ಲದಷ್ಟು ಹೊಗೆಗೂಡುಗಳನ್ನು ತಾನು ನೋಡಿ ಸರಿಪಡಿಸಿದ್ದಾಗಿ ಆತ ಹೇಳಿಕೊಂಡ. 1796ರಲ್ಲಿ ಎಲ್ಲವನ್ನೂ ಅಳತೆ ಸಮೇತ ಬರೆದು ಪ್ರಕಟಿಸಿದ. ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಓದಿ ಕಟ್ಟಿಕೊಳ್ಳಬಹುದಿತ್ತು. ಆತನ ಗುಣಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ಒಂದು ತೊಡಕು ಉಳಿದಿತ್ತು. ಹೊಗೆ ಹೋಗುವ ದಾರಿಯ ಗೋಡೆಗೆ ಮಸಿ ಕಟ್ಟುತ್ತದೆ. ಮಸಿ ದಪ್ಪವಾದರೆ ದಾರಿ ಮುಚ್ಚುತ್ತದೆ. ಕೆಲವೊಮ್ಮೆ ಮಸಿಗೇ ಬೆಂಕಿ ಹತ್ತುತ್ತದೆ. ಅದನ್ನು ಗುಡಿಸಲೇಬೇಕು. ಅಂದಿನ ಇಂಗ್ಲೆಂಡಿನಲ್ಲಿ ಆ ಕೆಲಸ ಮಾಡುತ್ತಿದ್ದವರು ನಿಮಗಿಂತ ಚಿಕ್ಕ ಬಡ ಹುಡುಗರು! ಹೊಗೆಗೂಡಿನೊಳಗೆ ತೂರಿ, ಮೊಣಕೈ ಮೊಣಕಾಲು ಒತ್ತಿ ಹತ್ತಿ, ಮಸಿ ಕೆರೆಯುತ್ತಿದ್ದರು. ಉಸಿರುಗಟ್ಟಿ ಸತ್ತವರೂ ಇದ್ದರು. ಗಂಟಲು ಕಿರಿದಾದರೆ ಹುಡುಗ ಹೋಗುವುದು ಹೇಗೆ? ರಮ್‌ಫರ್ಡ್ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಒಂದು ಕಲ್ಲನ್ನು ಗಾರೆ ಹಾಕದೆ ಸಡಿಲವಾಗಿ ಇಡಿಸಿದ. ಗುಡಿಸುವಾಗ ತೆಗೆಯುವುದು, ಆಮೇಲೆ ಇಡುವುದು. ಹುಡುಗರನ್ನು ಹತ್ತಿಸುವುದು ಇಂಗ್ಲೆಂಡಿನಲ್ಲಿ ಪೂರ್ತಿ ನಿಲ್ಲಲು 1875ರ ಕಾನೂನು ಬರಬೇಕಾಯಿತು.

ಮಸಿಯ ವಿಷಯಕ್ಕೆ ನಮ್ಮ ಮನೆಯದೇ ಕಥೆ ಇದೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮನೆಯಲ್ಲಿ ಹೊಗೆಕೊಳವೆ ಇರುವ ಒಲೆ ಕಟ್ಟಿಸಿದೆವು. ಮೊದಲ ಕೆಲವು ತಿಂಗಳು ಸ್ವರ್ಗ. ಅಮ್ಮನ ಕಣ್ಣು ಕೆಂಪಾಗುವುದು ನಿಂತಿತ್ತು. ಮುಂದೆ ಮಳೆಗಾಲದ ಹೊತ್ತಿಗೆ ಹೊಗೆ ಮತ್ತೆ ಶುರು. ಒಲೆಯೇ ಸರಿಯಿಲ್ಲ ಎಂದು ಒಡೆದು ಹಳೆಯ ಮೂರು ಕಲ್ಲಿಗೆ ಮರಳಿದೆವು. ಒಡೆದು ತೆಗೆದ ಕೊಳವೆಯಲ್ಲಿ ನೋಡಿದರೆ ಒಂದು ಹಿಡಿ ಹೋಗುವಷ್ಟೂ ಜಾಗವಿಲ್ಲದಂತೆ ಮಸಿ ತುಂಬಿತ್ತು. ಕಟ್ಟಿಸಿದ ದಿನದಿಂದ ಯಾರೂ ಅದನ್ನು ತೆಗೆದು ತಟ್ಟಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಅಲ್ಲಿನ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆಯ ಹೆಸರನ್ನು ನಿಮ್ಮ ಅಜ್ಜಿ ಕೇಳಿರಬಹುದು. ಮುಚ್ಚಿದ ಒಲೆ, ಸಾಲಾಗಿ ಮೂರು ಪಾತ್ರೆಗಳಿಗೆ ಜಾಗ, ಕೆಳಗೆ ಜಾಲರಿ, ಕೊನೆಗೆ ಹೊಗೆಕೊಳವೆ. ಮ್ಯೂನಿಕ್ ನಗರದ ಆ ಅಡುಗೆಮನೆಯ ವಿಚಾರವೇ ಬೇರೆ ಕಾಲದಲ್ಲಿ, ಬೇರೆ ಅಳತೆಯಲ್ಲಿ.

ನಾಲಿಗೆ ಸುಟ್ಟ ಗಂಜಿ

ಬಿಸಿ ಗಾಳಿ ಮೇಲೇರುತ್ತದೆ. ನೀರು? ಇದಕ್ಕೂ ರಮ್‌ಫರ್ಡ್‌ಗೆ ಸುಳಿವು ಸಿಕ್ಕಿದ್ದು ದಿನನಿತ್ಯದ ಜೀವನದಲ್ಲೇ. ಗಟ್ಟಿಯಾದ ಗಂಜಿ, ಬೇಯಿಸಿದ ಸೇಬು ಎಷ್ಟು ಹೊತ್ತಾದರೂ ಬಿಸಿಯಾಗಿಯೇ ಇದ್ದು ನಾಲಿಗೆ ಸುಡುತ್ತವೆ. ಬರೀ ನೀರು ಹಾಗಲ್ಲ, ಬೇಗ ಆರುತ್ತದೆ. ರಾಗಿ ಮುದ್ದೆ ಉಣ್ಣುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೇಲೆ ಆರಿದಂತೆ ಕಾಣುತ್ತದೆ, ಮುರಿದರೆ ಒಳಗೆ ಕೆಂಡ!

ಇನ್ನೊಮ್ಮೆ ಮದ್ಯಸಾರ ತುಂಬಿದ ದೊಡ್ಡ ಬುರುಡೆಯ ಉಷ್ಣತಾಮಾಪಕವನ್ನು ಕಾಯಿಸಿ, ಆರಲೆಂದು ಕಿಟಕಿಯ ಬಳಿ ಇಟ್ಟಿದ್ದ. ಬಿಸಿಲು ಅದರ ಮೇಲೆ ಬಿದ್ದಿತ್ತು. ಒಳಗೆ ಸೇರಿದ್ದ ಧೂಳಿನ ಕಣಗಳು ಬಿಸಿಲಿನಲ್ಲಿ ಮಿನುಗುತ್ತಾ ನಡುವಿನಿಂದ ಮೇಲೇರಿ, ಅಂಚಿನಿಂದ ಕೆಳಗಿಳಿಯುತ್ತಿದ್ದವು. ದ್ರವವೇ ಸುತ್ತುತ್ತಿತ್ತು. ಬಿಸಿಯಾದದ್ದು ಮೇಲಕ್ಕೆ, ತಣ್ಣಗಾದದ್ದು ಕೆಳಕ್ಕೆ. ಇದನ್ನು ನಾವು ಸಂವಹನ ಎಂದು ಓದುತ್ತೇವೆ. ಗಂಜಿಯಲ್ಲಿ ನೀರು ಹೀಗೆ ಓಡಾಡಲಾರದು. ಅದಕ್ಕೇ ಗಂಜಿ ಬೇಗ ಆರದು.

ಇಲ್ಲಿ ರಮ್‌ಫರ್ಡ್ ಒಂದು ಹೆಜ್ಜೆ ಮುಂದೆ ಹೋಗಿ ಎಡವಿದ. ದ್ರವಗಳು ಅಲ್ಲಾಡದಿದ್ದರೆ ಶಾಖವನ್ನು ಸ್ವಲ್ಪವೂ ಸಾಗಿಸುವುದಿಲ್ಲ ಎಂದುಬಿಟ್ಟ. ಅದು ತಪ್ಪು. ನಿಂತ ನೀರೂ ಶಾಖವನ್ನು ಸಾಗಿಸುತ್ತದೆ, ಆದರೆ ನಿಧಾನವಾಗಿ. ಬೇರೆಯವರು ಪ್ರಯೋಗ ಮಾಡಿ ಇದನ್ನು ತೋರಿಸಿದರು.

ಊರಿನಲ್ಲಿ ಯಾರದಾದರೂ ತಾರಸಿಯ ಮೇಲೆ ಸೋಲಾರ್ ನೀರು ಕಾಯಿಸುವ ಸಾಧನ ಇದ್ದರೆ ನೋಡಿ. ಸಾಮಾನ್ಯವಾಗಿ ಟ್ಯಾಂಕ್ ಮೇಲೆ, ಬಿಸಿಲು ಹೀರುವ ಹಲಗೆ ಅಥವಾ ಕೊಳವೆಗಳು ಕೆಳಗೆ ಇರುತ್ತವೆ. ಬಿಸಿಯಾದ ನೀರು ತಾನಾಗಿ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿದು ಕಾಯಲು ಬರುತ್ತದೆ. ಪಂಪು ಬೇಡ. ಗಡಸು ನೀರಿನ ಊರುಗಳಲ್ಲಿ ಈ ಕೊಳವೆಗಳ ಒಳಗೆ ಬಿಳಿ ಪದರ ಕಟ್ಟುತ್ತದೆ. ದಾರಿ ಕಿರಿದಾಗಿ ನೀರಿನ ಓಡಾಟ ಕುಗ್ಗುತ್ತದೆ, ನೀರು ಮೊದಲಿನಷ್ಟು ಕಾಯುವುದಿಲ್ಲ. ಆಗ ಬಿಸಿಲು ಕಡಿಮೆಯಾಯಿತು ಎಂದು ಸೂರ್ಯನನ್ನು ಬೈಯುವವರನ್ನು ನಾನು ನೋಡಿದ್ದೇನೆ!

ನೀವೇ ಮಾಡಿ: ಮನೆಯಲ್ಲಿ ಅಡುಗೆ ಆಗುವಾಗ, ದೊಡ್ಡವರು ಜೊತೆಗಿದ್ದಾಗ, ಅಡುಗೆಮನೆಯ ಬಾಗಿಲನ್ನು ಸ್ವಲ್ಪವೇ ತೆರೆಯಿರಿ. ಉರಿಯುವ ಊದುಬತ್ತಿಯನ್ನು ಸಂದಿಯ ಮೇಲ್ಭಾಗದಲ್ಲಿ ಹಿಡಿಯಿರಿ, ಆಮೇಲೆ ಕೆಳಭಾಗದಲ್ಲಿ. ಹೊಗೆ ಎರಡು ಕಡೆಯೂ ಒಂದೇ ದಿಕ್ಕಿಗೆ ಹೋಗುತ್ತದೆಯೇ? ಫ್ಯಾನ್ ನಿಲ್ಲಿಸಿರಬೇಕು, ಪರದೆ ಇದ್ದರೆ ದೂರ ಸರಿಸಿರಬೇಕು.

ಬೆಂಕಿ ಇಲ್ಲದೆ ಕುದಿದ ನೀರು

1796ರಲ್ಲಿ ರಮ್‌ಫರ್ಡ್ ಮ್ಯೂನಿಕ್ ನಗರಕ್ಕೆ ಮರಳಿದ. ಈ ಸಲ ಜೊತೆಗೆ ಮಗಳು ಸಾರಾ ಇದ್ದಳು. ಕೈಗೂಸಾಗಿದ್ದಾಗ ಬಿಟ್ಟುಬಂದ ಮಗಳು ಅಮೆರಿಕದಿಂದ ಬಂದಾಗ ಅವಳಿಗೆ 21 ವರ್ಷ!

ಅಲ್ಲಿನ ಆಯುಧಾಗಾರದಲ್ಲಿ ಫಿರಂಗಿ ಕೊರೆಯುವ ಕೆಲಸ ನಡೆಯುತ್ತಿತ್ತು. ಹಿತ್ತಾಳೆಯ ಗಟ್ಟಿ ದಿಂಡನ್ನು ಕುದುರೆಗಳಿಂದ ತಿರುಗಿಸಿ, ಉಕ್ಕಿನ ಕೊರೆಯುಳಿಯಿಂದ ಒಳಗೆ ತೂತು ಕೊರೆಯುತ್ತಿದ್ದರು. ಹಿತ್ತಾಳೆ ಬಹಳ ಕಾಯುತ್ತಿತ್ತು. ಕೆಲಸಗಾರರಿಗೆ ಅದು ದಿನದ ಮಾತು. ರಮ್‌ಫರ್ಡ್‌ಗೆ ಅದು ಪ್ರಶ್ನೆ: ಈ ಬಿಸಿ ಎಲ್ಲಿಂದ ಬಂತು?

ಶಾಖವೆಂಬುದು ಕಣ್ಣಿಗೆ ಕಾಣದ, ತೂಕವಿಲ್ಲದ ಒಂದು ದ್ರವ ಎಂದು ಆಗಿನ ವಿಜ್ಞಾನಿಗಳು ನಂಬಿದ್ದರು. ಅದಕ್ಕೆ ಕ್ಯಾಲರಿಕ್ ಎಂಬ ಹೆಸರು. ವಸ್ತುಗಳೊಳಗೆ ಅದು ತುಂಬಿರುತ್ತದೆ, ಉಜ್ಜಿದಾಗ ಅಥವಾ ಕೊರೆದಾಗ ಹೊರಗೆ ಸುರಿಯುತ್ತದೆ ಎಂಬುದು ಅವರ ವಾದ. ಹಾಗಾದರೆ ಅದು ಯಾವಾಗಲಾದರೂ ಮುಗಿಯಬೇಕಲ್ಲ? ರಮ್‌ಫರ್ಡ್ ಬೇಕೆಂದೇ ಮೊಂಡಾದ ಕೊರೆಯುಳಿ ಹಾಕಿಸಿದ, ಕೊರೆಯುವುದಕ್ಕಿಂತ ಉಜ್ಜುವುದೇ ಹೆಚ್ಚಾಗಲಿ ಎಂದು. ಹಿತ್ತಾಳೆಯ ಸುತ್ತ ಮರದ ಪೆಟ್ಟಿಗೆ ಕಟ್ಟಿಸಿ ಸುಮಾರು 8.5 ಕೆ.ಜಿ. ನೀರು ತುಂಬಿಸಿದ. ಆರಂಭದಲ್ಲಿ ನೀರಿನ ಉಷ್ಣತೆ ಸುಮಾರು 16 ಡಿಗ್ರಿ ಸೆಲ್ಸಿಯಸ್. ಯಂತ್ರ ತಿರುಗಿತು. ಒಂದು ಗಂಟೆಯ ಕೊನೆಗೆ 42 ಡಿಗ್ರಿ. ಎರಡು ಗಂಟೆಗೆ 81. ಎರಡೂವರೆ ಗಂಟೆಗೆ ನೀರು ಕೊತಕೊತ ಕುದಿಯಿತು! ಬೆಂಕಿಯಿಲ್ಲದೆ ಕುದಿಯುವ ನೀರನ್ನು ಕಂಡು ಸುತ್ತ ನಿಂತವರು ಬೆರಗಾದರು. ತನಗೂ ಮಗುವಿನಂತೆ ಸಂತೋಷವಾಯಿತೆಂದು ರಮ್‌ಫರ್ಡ್ ಒಪ್ಪಿಕೊಂಡಿದ್ದಾನೆ.

ಉಜ್ಜುತ್ತಲೇ ಇದ್ದರೆ ಬಿಸಿ ಬರುತ್ತಲೇ ಇತ್ತು, ಮುಗಿಯಲಿಲ್ಲ. ಮುಗಿಯದೆ ಬರುತ್ತಿರುವುದು ದ್ರವವಾಗಿರಲು ಸಾಧ್ಯವಿಲ್ಲ, ಅದು ಒಂದು ಬಗೆಯ ಚಲನೆಯೇ ಇರಬೇಕು ಎಂದು ಆತ ವಾದಿಸಿದ. 1798ರಲ್ಲಿ ರಾಯಲ್ ಸೊಸೈಟಿಯಲ್ಲಿ ಈ ಪ್ರಬಂಧವನ್ನು ಓದಲಾಯಿತು. ಅದರಲ್ಲೊಂದು ತಮಾಷೆಯ ಮಾತೂ ಇದೆ. ಹೀಗೆ ಅಡುಗೆ ಮಾಡಬಹುದೇ ಎಂದರೆ ಮಾಡಬಹುದು, ಆದರೆ ಕುದುರೆ ತಿನ್ನುವ ಹುಲ್ಲನ್ನೇ ಉರಿಸಿದರೆ ಇನ್ನೂ ಹೆಚ್ಚು ಬಿಸಿ ಸಿಕ್ಕೀತು ಎಂಬ ಅರ್ಥದ ಮಾತು. ಹೆಚ್ಚಿನವರು ಕೂಡಲೇ ಒಪ್ಪಲಿಲ್ಲ. 1840ರ ದಶಕದಲ್ಲಿ ಜೇಮ್ಸ್ ಜೂಲ್ ಇನ್ನೂ ನಿಖರವಾದ ಅಳತೆಗಳನ್ನು ಮಾಡಿದ ಮೇಲೆ ಕ್ಯಾಲರಿಕ್ ದ್ರವ ಪುಸ್ತಕಗಳಿಂದ ಮರೆಯಾಯಿತು. ಅಂಗೈಗಳನ್ನು ಒಂದಕ್ಕೊಂದು ಜೋರಾಗಿ ಉಜ್ಜಿ ಕೆನ್ನೆಗೆ ಇಟ್ಟುಕೊಳ್ಳಿ. ಆ ಫಿರಂಗಿಯ ಪ್ರಯೋಗ ನಿಮ್ಮ ಕೈಯಲ್ಲೇ ಇದೆ.

ಕೊನೆಯ ದಿನಗಳು

1799ರಲ್ಲಿ ಲಂಡನ್ನಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆ ಹುಟ್ಟಲು ರಮ್‌ಫರ್ಡ್ ಮುಖ್ಯ ಕಾರಣ. ವಿಜ್ಞಾನ ಜನರ ದಿನದ ಬದುಕಿಗೆ ಬರಬೇಕು ಎಂಬುದು ಆತನ ಆಸೆ. 1801ರಲ್ಲಿ ಹಂಫ್ರಿ ಡೇವಿ ಎಂಬ ತರುಣನನ್ನು ಅಲ್ಲಿಗೆ ಕರೆತಂದ. ಮುಂದೆ ಡೇವಿ ಅಲ್ಲಿಗೆ ಮೈಕೆಲ್ ಫ್ಯಾರಡೆಯನ್ನು ಸೇರಿಸಿಕೊಂಡ. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಫ್ಯಾರಡೆ ಅವನೇ. ಆದರೆ ರಮ್‌ಫರ್ಡ್ ಯಾರೊಡನೆಯೂ ಬಹಳ ಕಾಲ ಹೊಂದಿಕೊಂಡವನಲ್ಲ. 1802ರಲ್ಲಿ ಆ ಸಂಸ್ಥೆಯನ್ನೂ ಬಿಟ್ಟು ಪ್ಯಾರಿಸ್ ನಗರದ ದಾರಿ ಹಿಡಿದ.

1805ರಲ್ಲಿ ಅಲ್ಲಿ ಮತ್ತೆ ಮದುವೆಯಾದ. ಆಕೆ ಮರಿ ಆನ್, ಹೆಸರಾಂತ ರಸಾಯನವಿಜ್ಞಾನಿ ಲವಾಸಿಯೆಯ ವಿಧವೆ. ಕ್ಯಾಲರಿಕ್ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಲವಾಸಿಯೆ ಪ್ರಮುಖ ಎಂಬುದು ಇಲ್ಲಿನ ಸ್ವಾರಸ್ಯ. ಆಕೆಗೆ ಮನೆ ತುಂಬ ಅತಿಥಿಗಳಿರಬೇಕು. ಈತನಿಗೆ ಮೌನ ಬೇಕು, ಹೂದೋಟ ಬೇಕು. ಒಮ್ಮೆ ಈತ ಅತಿಥಿಗಳು ಬಾರದಂತೆ ಗೇಟಿಗೆ ಬೀಗ ಹಾಕಿಸಿದ. ಆಕೆ ಸಿಟ್ಟಿನಿಂದ ಈತನ ಹೂಗಿಡಗಳಿಗೆ ಕುದಿಯುವ ನೀರು ಸುರಿದಳಂತೆ. ಇದನ್ನು ಮಗಳಿಗೆ ಪತ್ರ ಬರೆದು ಹೇಳಿಕೊಂಡವನು ಆತನೇ. 1809ರಲ್ಲಿ ಇಬ್ಬರೂ ಬೇರೆಯಾದರು.

ಪ್ಯಾರಿಸ್ ಸಮೀಪದ ಓತೈ ಎಂಬಲ್ಲಿ ಮನೆ ಮಾಡಿ, ದೀಪಗಳು, ಕಾಫಿ ಸೋಸುವ ಪಾತ್ರೆ, ಬಂಡಿಯ ಚಕ್ರ ಹೀಗೆ ಏನಾದರೊಂದನ್ನು ಸುಧಾರಿಸುತ್ತಲೇ ರಮ್‌ಫರ್ಡ್ ಉಳಿದ ವರ್ಷಗಳನ್ನು ಕಳೆದ. 1814ರ ಆಗಸ್ಟ್ 21ರಂದು ಅಲ್ಲೇ ತೀರಿಕೊಂಡ. ಆತನ ಆಸ್ತಿಯ ಒಂದು ಭಾಗ ಹಾರ್ವರ್ಡ್‌ಗೆ ಹೋಯಿತು. ಹುಡುಗನಾಗಿದ್ದಾಗ ನಡೆದು ಹೋಗಿ ಪಾಠ ಕೇಳಿ ಬರುತ್ತಿದ್ದ ಅದೇ ಕಾಲೇಜು.

ಮಗಳು ಸಾರಾಗೆ ತಂದೆಯ ಕೌಂಟ್ ಪದವಿಯ ಗೌರವವೂ ದಕ್ಕಿತ್ತು. ಅವಳು ಮದುವೆಯಾಗಲಿಲ್ಲ. ಕೊನೆಗೆ ಅಮೆರಿಕದ ಕಾಂಕರ್ಡ್ ಊರಿಗೆ, ತಾನು ಹುಟ್ಟಿದ ಮನೆಗೆ ಮರಳಿದಳು. 1852ರಲ್ಲಿ ತೀರಿಕೊಳ್ಳುವ ಮುನ್ನ, ತಾಯಿಯಿಲ್ಲದ ಹೆಣ್ಣುಮಕ್ಕಳು ಇದ್ದು ಬೆಳೆಯಲೆಂದು ಆ ಮನೆಯನ್ನು ಬರೆದುಕೊಟ್ಟಳು.